ಹಳಿಗೂ ಸ್ಲೀಪರಿಗೂ ನಡುವೆ

2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಓಡತೊಡಗಿದಾಗ ಹೊಗಳಿಕೆಯೆಲ್ಲ ಬೋಗಿಗೇ ಸಂದಿತು. ಆಸನ ಚೆಂದ, ಬಾಗಿಲು ತಾನಾಗಿ ಮುಚ್ಚುತ್ತದೆ, ಬೋಗಿಯಡಿ ಗಾಳಿ ತುಂಬಿದ ಸ್ಪ್ರಿಂಗು, ಕುಲುಕಾಟ ಕಡಿಮೆ. ಆ ಶ್ರೇಯಸ್ಸಿನಲ್ಲಿ ಒಂದು ಪಾಲು ಹಳಿಯ ಕೆಳಗೆ ಸಿಕ್ಕಿಕೊಂಡಿರುವ, ಬೆರಳಿನಷ್ಟೂ ದಪ್ಪವಿಲ್ಲದ ರಬ್ಬರ್ ತುಂಡಿಗೆ ಸಲ್ಲಬೇಕು. ಅದು ಅಲ್ಲಿದೆಯೆಂದು ಹಳಿ ನೋಡಿಕೊಳ್ಳುವ ಗ್ಯಾಂಗಿನವರಿಗೆ ಗೊತ್ತು, ಎಂಜಿನಿಯರುಗಳಿಗೆ ಗೊತ್ತು. ಟಿಕೆಟ್ ಕೊಂಡವರಿಗೆ ಗೊತ್ತಿಲ್ಲ.

ಹುಬ್ಬಳ್ಳಿ–ಧಾರವಾಡದ ಸೀಮೆಗೆ ರೈಲು ಬಂದದ್ದು ಸುಖಪ್ರಯಾಣಕ್ಕಾಗಿ ಅಲ್ಲವೇ ಅಲ್ಲ. 1876–78ರ ಬರದಲ್ಲಿ ಕಾಳು ಇದ್ದ ಊರಿನಿಂದ ಇಲ್ಲದ ಊರಿಗೆ ಸಾಗಿಸಲು ಸರಿಯಾದ ದಾರಿಯಿಲ್ಲದೆಯೂ ಜನ ಸತ್ತರು. ಬರದ ನಾಡಿಗೆ ರೈಲು ಬೇಕೆಂಬ ಮಾತು ಗಟ್ಟಿಯಾದದ್ದು ಆಮೇಲೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1885ರಲ್ಲಿ ಹುಬ್ಬಳ್ಳಿಯಲ್ಲಿ ಅದರ ವರ್ಕ್‌ಶಾಪ್ ಎದ್ದಿತು. ಖರ್ಚು ಕಡಿಮೆಯಾಗಲೆಂದು ಆರಿಸಿಕೊಂಡದ್ದು ಮೀಟರ್ ಗೇಜ್: ಹಳಿಯಿಂದ ಹಳಿಗೆ ಬರೀ 1 ಮೀಟರ್. ಹತ್ತಿಯ ಗಂಟು, ಕಾಳಿನ ಮೂಟೆ ಸಾಗಿದರೆ ಸಾಕಿತ್ತು. ಮೂಟೆಗಳು ಕುಲುಕಾಟದ ಬಗ್ಗೆ ದೂರು ಕೊಡುವುದಿಲ್ಲವಲ್ಲ.

ಆಗಿನ ಹಾದಿಯಲ್ಲಿ ಹಳಿಯನ್ನು ಹೊರುವ ಅಡ್ಡತೊಲೆಗಳು, ಅಂದರೆ ಸ್ಲೀಪರುಗಳು, ಮರದವೂ ಇದ್ದವು, ಕಬ್ಬಿಣದವೂ ಇದ್ದವು. ಮರವೆಂದರೆ ತೊಂದರೆ ಬೇರೆ. ಹಳಿಯ ತಳ ಕಿರಿದು, ಮೇಲೆ ಹೋಗುವ ಭಾರ ಬಹಳ. ನೇರವಾಗಿ ಮರದ ಮೇಲೆ ಕೂರಿಸಿ ಮೊಳೆ ಹೊಡೆದರೆ ದಿನ ಕಳೆದಂತೆ ಹಳಿ ಮರವನ್ನು ಕಡಿದು ಒಳಗಿಳಿಯುತ್ತದೆ, ತಿರುವುಗಳಲ್ಲಂತೂ ಇನ್ನೂ ಬೇಗ. ಅದಕ್ಕೇ ಎರಡರ ನಡುವೆ ಕಬ್ಬಿಣದ ಬೇರಿಂಗ್ ಪ್ಲೇಟ್ ಇಡುವ ರೂಢಿ. ಹಳಿಯ ಭಾರವನ್ನು ಅದು ಅಗಲಕ್ಕೆ ಹಂಚುತ್ತಿತ್ತು. ಮೇಲೆ ಕೂತವರ ಸೊಂಟದ ಚಿಂತೆ ಅದಕ್ಕಿರಲಿಲ್ಲ. ಅದನ್ನು ಇಟ್ಟದ್ದು ದಿಮ್ಮಿ ಬಾಳಿಕೆ ಬರಲೆಂದು. ಮೆತ್ತಗಿನ ಗುಣವೇನಿದ್ದರೂ ಮರದ್ದೇ.

ಕುಲುಕಿಸುತ್ತಿದ್ದದ್ದು ಮುಖ್ಯವಾಗಿ ಕೀಲುಗಳು. ಮೀಟರ್ ಗೇಜ್ ಹಳಿಯೊಂದರ ಉದ್ದ 12 ಮೀಟರ್ ಆಸುಪಾಸು. ಎರಡು ಹಳಿಗಳನ್ನು ಫಿಶ್‌ಪ್ಲೇಟ್ ಎಂಬ ಪಟ್ಟಿಯಿಂದ ಜೋಡಿಸಿದರೂ ಬಿಸಿಲಿಗೆ ಹಿಗ್ಗಲೆಂದು ಸಂದು ಬಿಡಲೇಬೇಕು. ಗಾಲಿ ಪ್ರತಿ ಸಂದಿನಲ್ಲೂ ತುಸು ಇಳಿದು ಕುಟ್ಟುತ್ತದೆ, ಕುಟ್ಟಿಸಿಕೊಂಡ ಸ್ಲೀಪರಿನಡಿ ಖಡಿ ಸಡಿಲಾಗುತ್ತದೆ, ಮುಂದಿನ ಗಾಡಿಗೆ ಅದೇ ಜಾಗ ಇನ್ನಷ್ಟು ತಗ್ಗು. ಗ್ಯಾಂಗಿನವರು ಮತ್ತೆ ಮತ್ತೆ ಖಡಿ ತುಂಬಿ ಜಡಿಯುತ್ತಿದ್ದದ್ದು ಇದಕ್ಕೇ.

ಬದಲಾವಣೆ ದೊಡ್ಡದಾಗಿ ಬಂದದ್ದು 1990ರ ದಶಕದಲ್ಲಿ. ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ 1992ರಲ್ಲಿ ಹೊರಟು, ಹುಬ್ಬಳ್ಳಿಯ ದಾರಿಗಳು ಒಂದೊಂದಾಗಿ ಬ್ರಾಡ್ ಗೇಜ್ ಆದವು. ಬರಬರುತ್ತ ಮರದ ಜಾಗಕ್ಕೆ ಕಾಂಕ್ರೀಟ್ ಸ್ಲೀಪರು, ಸಂದುಗಳ ಜಾಗಕ್ಕೆ ಬೆಸುಗೆ ಹಾಕಿದ ಉದ್ದನೆಯ ಹಳಿ. ಆದರೆ ಕಾಂಕ್ರೀಟು ಮರದಂತೆ ಬಗ್ಗುವ ಜಾತಿಯಲ್ಲ. ಉಕ್ಕಿನ ಹಳಿ ಅದರ ಮೇಲೆ ನೇರವಾಗಿ ಕೂತರೆ ಅದುರಿ ಅದುರಿ ಕೂತ ಜಾಗವನ್ನೇ ಅರೆಯುತ್ತದೆ. ಹಾಗಾಗಿ ನಡುವೆ ಸುಮಾರು 6 ಮಿಲಿಮೀಟರ್ ದಪ್ಪದ, ಗೆರೆ ತೋಡಿದ ರಬ್ಬರ್ ಪ್ಯಾಡ್. ಅದನ್ನೂ ಹಳಿಯನ್ನೂ ಒಟ್ಟಿಗೆ ಬಿಗಿಯಾಗಿ ಅದುಮಿ ಹಿಡಿಯಲು ಬಾಗಿಸಿದ ಉಕ್ಕಿನ ಕ್ಲಿಪ್. ನಾರ್ವೆಯ ಪೆರ್ ಪಾಂಡೆ-ರಾಲ್ಫ್‌ಸನ್ 1950ರ ದಶಕದಲ್ಲಿ ರೂಪಿಸಿದ ಕ್ಲಿಪ್ಪಿನ ವಂಶದ್ದು ಅದು. ಆ ಕ್ಲಿಪ್ಪಿಗೆ ಪ್ಯಾಂಡ್ರಾಲ್ ಎಂಬ ಹೆಸರು ಬಂದದ್ದೂ ಅವರಿಂದಲೇ. ಕ್ಲಿಪ್ ಸಡಿಲಾದರೆ ಪ್ಯಾಡ್ ಜರುಗುತ್ತದೆ, ಪ್ಯಾಡ್ ಸವೆದರೆ ಕ್ಲಿಪ್ಪಿನ ಹಿಡಿತ ಹೋಗುತ್ತದೆ. ಕೀಮನ್ ಸುತ್ತಿಗೆ ಹಿಡಿದು ದಿನಾ ಹಳಿಗುಂಟ ನಡೆಯುವುದು ಇಂಥವನ್ನೇ ನೋಡಿಕೊಂಡು.

ಇಲ್ಲಿಯೂ ರಬ್ಬರು ಬಂದದ್ದು ಸ್ಲೀಪರಿನ ಆಯುಸ್ಸಿಗಾಗಿ. ಪ್ರಯಾಣಿಕನಿಗೆ ದಕ್ಕಿದ್ದು ಪುಕ್ಕಟೆ ಲಾಭ.

ನಡುವೆ ಇಡುವ ಇಂಥದೇ ಒಂದು ತುಂಡಿನ ಬಗ್ಗೆ ಹಿಮದ ನಾಡುಗಳ ಸ್ನೋಬೋರ್ಡ್ ಸ್ಪರ್ಧಿಗಳಲ್ಲಿ ತಕರಾರಿದೆ. ಬೂಟು ಕಟ್ಟುವ ಬೈಂಡಿಂಗಿಗೂ ಹಲಗೆಗೂ ನಡುವೆ ಪ್ಲೇಟ್ ಇಟ್ಟರೆ ಗಟ್ಟಿ ಮಂಜಿನ ನಡುಕ ಕಾಲಿಗೆ ಅಷ್ಟಾಗಿ ಹತ್ತುವುದಿಲ್ಲ, ಹಲಗೆ ತನ್ನ ಪಾಡಿಗೆ ಸರಾಗವಾಗಿ ಬಾಗುತ್ತದೆ. ತೂಕ ಹೆಚ್ಚುತ್ತದೆ, ಹಿಮದ ಸ್ಪರ್ಶ ಕಾಲಿಗೆ ತಿಳಿಯುವುದಿಲ್ಲ ಎನ್ನುವುದು ಬೇಡವೆನ್ನುವವರ ವಾದ. ರೈಲಿನಲ್ಲಿ ಕೂತವನಿಗೆ ಹಳಿಯ ಸ್ಪರ್ಶ ತಿಳಿಯಬೇಕಾದ್ದೇನೂ ಇಲ್ಲವಾದ್ದರಿಂದ ಇಲ್ಲಿ ಆ ಜಗಳ ಹುಟ್ಟಲಿಲ್ಲ.

ಹಾಗೆಂದು ರಬ್ಬರಿನಿಂದ ಎಲ್ಲವೂ ನೆಟ್ಟಗಾಗಲಿಲ್ಲ. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಬಂದ ಮೇಲೆ ಗಾಡಿ ಹೊರಡುವಾಗ, ನಿಲ್ಲುವಾಗ ಹಿಂದೆಮುಂದೆ ಜಗ್ಗಿದಂತಾಗುತ್ತದೆ ಎಂಬ ದೂರು ದೇಶದ ತುಂಬ ಕೇಳಿಬಂತು. ಅದು ಬೋಗಿ-ಬೋಗಿಗಳ ನಡುವಿನ ಜೋಡಣೆಯ ತಾಪತ್ರಯ. ಹಳಿಯಡಿಯ ಪ್ಯಾಡಿಗೂ ಅದಕ್ಕೂ ಸಂಬಂಧವಿಲ್ಲ.

ಹುಬ್ಬಳ್ಳಿಗೆ ಇನ್ನೂ ಒಂದು ತೊಡಕಿದೆ: ನೆಲ. ಧಾರವಾಡ ದಾಟಿ ಅಳ್ನಾವರದ ಕಡೆ ಹೋದರೆ ಮಲೆನಾಡಿನ ಕೆಂಪು ಮಣ್ಣು. ಅಣ್ಣಿಗೇರಿ, ಗದಗಿನ ಕಡೆ ತಿರುಗಿದರೆ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜೋಳ, ಹತ್ತಿ, ಕಡಲೆಗೆ ಒಳ್ಳೆಯದೇ, ರೈಲುದಾರಿಗೆ ತಲೆನೋವು. ನೀರು ನಿಂತರೆ ಖಡಿ ಮಣ್ಣಿನೊಳಗೆ ಇಳಿಯುತ್ತದೆ, ಕೆಸರು ಮೇಲೇರಿ ಖಡಿಯ ಸಂದುಗಳನ್ನು ಮುಚ್ಚುತ್ತದೆ, ಹಳಿಯ ಮಟ್ಟ ತಪ್ಪುತ್ತದೆ. ಆಗ ಗಾಡಿಯ ವೇಗ ಇಳಿಸುವುದೊಂದೇ ತಕ್ಷಣದ ಉಪಾಯ. ಇಂಥ ನೆಲದಲ್ಲಿ ಹೊಸ ಹಾದಿ ಹಾಕುವಾಗ ಎಂಜಿನಿಯರುಗಳು ಮಣ್ಣಿಗೂ ಖಡಿಗೂ ನಡುವೆ ಗರಸು, ಕಲ್ಲುಪುಡಿಯಂಥ ಒರಟು ವಸ್ತುವಿನ ದಪ್ಪ ಪದರವೊಂದನ್ನು ಹಾಸಿ ದಮ್ಮಸು ಮಾಡಿಸುತ್ತಾರೆ, ಮಗ್ಗುಲಿಗೆ ಚರಂಡಿ ತೆಗೆಸುತ್ತಾರೆ. ಆ ಕೆಲಸ ಕೆಟ್ಟರೆ ಮೇಲಿನ 6 ಮಿಲಿಮೀಟರ್ ರಬ್ಬರು ಎಷ್ಟು ಹೊಸದಿದ್ದರೂ ಗಾಡಿ ಕುಲುಕುತ್ತದೆ.