ಬಿಟ್ಟಿ ಹಲಗಿಯಿಂದ ಕೊಟೇಶನ್ ತನಕ

ಪೋಸ್ಟ್ ಉದ್ದ ಐತಿ, ಚಹಾ ಕುಡಕೋತ ಓದ್ರಿ.

ಹೋದ ವಾರ ನಮ್ಮ ಅಣ್ಣನ ಮಗಳು ಗಜೇಂದ್ರಗಡದ ನಮ್ಮ ಮನಿಗೆ ಬಂದಿದ್ಲು. ಬಿ.ಕಾಂ. ಮುಗಿಸ್ಯಾಳ. "ಕಾಕಾ, ನಾ ಹುಬ್ಬಳ್ಳಿಗೆ ಹೋಗಿ ಇವೆಂಟ್ ಮ್ಯಾನೇಜ್‌ಮೆಂಟ್ ಕಲೀತೀನಿ, ಆಮೇಲೆ ಇಲ್ಲೇ ಸ್ವಂತ ಮಾಡ್ತೀನಿ. ಅಪ್ಪಗ ನೀನ ಹೇಳು" ಅಂದ್ಲು. ಅಣ್ಣನೂ ಹಿಂದೇ ಬಂದಿದ್ದ. ಒಳಗೆ ಬರದೆ ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿದ: "ನಮ್ಮಪ್ಪ ಮಂದಿ ಮದುವ್ಯಾಗ ಹಲಗಿ ಬಡದಾ. ನಾ ಮಂದಿ ಮದುವ್ಯಾಗ ಶಾಮಿಯಾನದ ಗೂಟ ಬಡದೆ. ಈಕಿ ಡಿಗ್ರಿ ಮುಗಿಸಿ ಮತ್ತ ಮಂದಿ ಮದುವಿಗೇ ಹೊಂಟಾಳ."

ಮೂವತ್ತು ವರ್ಷದಿಂದ ಮೈಕ್ ಮುಂದೆ ಮಾತಾಡಿದವನು ನಾನು. ಅವತ್ತು ಬಾಯಿ ಬರಲಿಲ್ಲ. ಈಗ ಬರೀತಿದೀನಿ.

ಅಣ್ಣ ಹೇಳಿದ್ದು ಸುಳ್ಳಲ್ಲ. ಊರಲ್ಲಿ ಜಾತ್ರೆ ಗೊತ್ತಾದರೆ ಮೊದಲು ಕರೆ ಬರ್ತಿದ್ದುದು ನಮ್ಮ ಕೇರಿಗೆ. ಡಂಗುರ ಸಾರೋರು ನಾವು. ತೇರು ಎಳೆಯೋ ಚರ್ಮದ ಮಿಣಿ ಹೊಸೆಯೋರು ನಾವು. ಮೆರವಣಿಗೆ ಮುಂದೆ ಹಲಗಿ ನಮ್ಮದು, ಎಲ್ಲ ಮುಗಿದ ಮೇಲೆ ಎಂಜಲೆಲಿ ಎತ್ತೋದು, ಬಯಲು ಗುಡಿಸೋದು ನಮ್ಮ ಹೆಣ್ಣುಮಕ್ಕಳು. ಹಲಗಿ ಅಂದ್ರ ಬರೇ ಬಡಿಯೋದಲ್ಲ. ಇಬ್ಬನಿಗೆ ಚರ್ಮ ಸಡಿಲಾಗ್ತೈತಿ, ಸೊಪ್ಪಿ ಹಚ್ಚಿ ಕಾಯಿಸಬೇಕು, ದನಿ ಇಳಿದ್ರ ಮತ್ತ ಬೆಂಕಿ ಹುಡುಕಬೇಕು. ನಮ್ಮಪ್ಪ ರಾತ್ರಿಯಿಡೀ ಹಂಗ ಕಾಯಿಸಿ ಬಡದು, ಬೆಳಿಗ್ಗೆ ಗುಡಿ ಕಟ್ಟೆಯ ಆಚೆ ಕೂತು ಬುತ್ತಿ ಬಿಚ್ಚುತ್ತಿದ್ದ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪ್ರಚಾರ, ಸೌಂಡು, ಸಾಮಾನು ಸಾಗಣೆ, ಸ್ವಚ್ಛತೆ ಎಲ್ಲಾ ಒಂದೇ ಕೇರಿಗೆ. ಗುಡಿ ಒಳಗೆ ಕಾಲಿಡೋ ಹಕ್ಕು ಮಾತ್ರ ಅದರಲ್ಲಿ ಸೇರಿರಲಿಲ್ಲ.

ಕೂಲಿ? ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಮೊರದಲ್ಲಿ ಜೋಳ. ಅದಕ್ಕೆ ಆಯ ಅಂತ ಹೆಸರು. ಎಷ್ಟು ಅಂತ ಹೇಳೋನು ಗೌಡ, ಯಾವಾಗ ಅಂತ ಹೇಳೋನೂ ಗೌಡ. ರೋಣ ತಾಲೂಕು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯೊಳಗಿತ್ತು. ಊರ ಚಾಕರಿಯನ್ನ ವಂಶಪಾರಂಪರ್ಯ ಮಾಡಿ ಇಟ್ಟಿದ್ದ 1874ರ ವತನ ಕಾಯ್ದೆ ಇಲ್ಲಿಗೂ ಅನ್ವಯಿಸ್ತಿತ್ತು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಹಗಲು ರಾತ್ರಿ ಅನ್ನದೆ ಯಾರು ಕರೆದರೂ ಓಡಬೇಕಾದ ಈ ಚಾಕರಿಗೆ ಕೂಲಿ ಗೊತ್ತಾಗಲಿ, ಬೇಡ ಅಂದವನಿಗೆ ಬಿಡುಗಡೆ ಸಿಗಲಿ ಅನ್ನೋದು ಅದರ ತಿರುಳು. ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಊರ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದದ್ದು 1961ರಲ್ಲಿ. ಕಾಗದದ ಮೇಲಿನ ಹುದ್ದೆ ಹೋಯ್ತು. ಹಲಗಿಗೆ ಕರೆ ಬರೋದು ನಿಲ್ಲಲಿಲ್ಲ.

ಈಗ ಎರಡು ದೊಡ್ಡ ಕಾರ್ಯಕ್ರಮಗಳ ಕಥೆ ಹೇಳ್ತೀನಿ. ಎರಡರ ನಡುವೆ ಮೂರು ವರ್ಷವೂ ಇಲ್ಲ.

ಒಂದು, 1924ರ ಡಿಸೆಂಬರ್, ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದಕ್ಕೇ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ನಡೆಸಿದರು, ನಾ. ಸು. ಹರ್ಡೀಕರರ ಸ್ವಯಂಸೇವಕರು ದುಡಿದರು. ಡೇರೆಗಳ ಊರನ್ನೇ ಕಟ್ಟಿ ವಿಜಯನಗರ ಅಂತ ಹೆಸರಿಟ್ಟರು. ನೀರಿಗೆ ಅಂತಲೇ ನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿ ಬಾವಿ ತೋಡಿಸಿದರು. ಪಂಪಾ ಸರೋವರ ಅಂತ ಕರೆದ ಆ ಬಾವಿ ಈಗಲೂ ಟಿಳಕವಾಡಿಯಲ್ಲಿ ಐತಿ, ಕಾಂಗ್ರೆಸ್ ಬಾವಿ ಅಂತಾರ. ನಮ್ಮ ಧಾರವಾಡದ ಹುಡುಗಿ ಗಂಗೂಬಾಯಿ ಹಾನಗಲ್ ಹನ್ನೊಂದನೇ ವಯಸ್ಸಿಗೆ ಅಲ್ಲಿ ಹಾಡಿದರು. ಹಾಡೋಕೆ ಹೆದರಿಕೆ ಇರಲಿಲ್ಲ, ಊಟದ ಹೊತ್ತಿಗೆ ಜಾತಿ ಕಾರಣಕ್ಕೆ ಏನಾಗ್ತದೋ ಅನ್ನೋ ಅಂಜಿಕೆ ಇತ್ತು ಅಂತ ಅವರು ಮುಂದೆ ನೆನೆದುಕೊಂಡಿದ್ದಾರೆ. ಗಾಂಧೀಜಿ ಕೂತಿರೋ ಪೆಂಡಾಲಿನಲ್ಲಿ ಹಾಡೋ ಮಗುವಿಗೂ ಆ ಅಂಜಿಕೆ!

ಇನ್ನೊಂದು, 1927ರ ಮಾರ್ಚ್ 19 ಮತ್ತು 20, ಮಹಾಡ್. ನಾವು ಪ್ರತಿ ವರ್ಷ ಚವದಾರ ಕೆರೆಯ ಭಾಷಣ ಮಾಡ್ತೀವಿ. ಆದರೆ ಆ ಸಮ್ಮೇಳನ ಹೊಂದಿಸಿದವರ ಬಗ್ಗೆ ಎಷ್ಟು ಸಲ ಮಾತಾಡೀವಿ? ರಾಮಚಂದ್ರ ಬಾಬಾಜಿ ಮೋರೆ ಅನ್ನೋ ಇಪ್ಪತ್ತರ ಆಸುಪಾಸಿನ ಹುಡುಗ ಹಳ್ಳಿ ಹಳ್ಳಿ ಅಲೆದು ಜನ ಕೂಡಿಸಿದ. ಅನಂತ ಚಿತ್ರೆ ಜೊತೆಗಿದ್ದರು. ಸಾವಿರಾರು ಮಂದಿ ಬಂದರು. ಕುಡಿಯೋಕೆ ನೀರು? ಊರ ನೀರು ಮುಟ್ಟಂಗಿಲ್ಲ. ಹಾಗಾಗಿ ಸವರ್ಣೀಯರಿಂದ 40 ರೂಪಾಯಿಗೆ ನೀರು ಕೊಂಡರು. ಬೆಳಗಾವಿಯಲ್ಲಿ ನಾಲ್ಕು ಸಾವಿರಕ್ಕೆ ಬಾವಿ, ಮಹಾಡಿನಲ್ಲಿ 40 ರೂಪಾಯಿಗೆ ಎರಡು ದಿನದ ನೀರು. ಕೆರೆ ನೀರು ಮುಟ್ಟಿ ಬಂದ ಮೇಲೆ ಗುಂಪು ನುಗ್ಗಿದ್ದೂ ಪೆಂಡಾಲಿಗೇ, ಊಟದ ಹೊತ್ತಿಗೇ. ಅನ್ನ ಮಣ್ಣುಪಾಲಾಯ್ತು.

ಅದಕ್ಕೇ ಡಿಸೆಂಬರಿನ ಎರಡನೇ ಸಮ್ಮೇಳನದ ತಯಾರಿ ನೋಡ್ರಿ. ಸಭೆಗೆ ಹಿಂದೂಗಳು ಯಾರೂ ಜಾಗ ಕೊಡಲಿಲ್ಲ, ಫತ್ತೇಖಾನ್ ಅನ್ನೋ ಮುಸ್ಲಿಂ ಗೃಹಸ್ಥ ತನ್ನ ಜಾಗ ಕೊಟ್ಟ. ಊರ ಅಂಗಡಿಯವರು ಸಾಮಾನು ಮಾರಲ್ಲ ಅಂದರು, ದಿನಸಿ ಹೊರಗಿಂದ ಬಂತು. ದಾರಿಯಲ್ಲಿ ಬಸ್ಸಿನವರು ಕೈಕೊಟ್ಟಾರು ಅಂತ ಬಾಬಾಸಾಹೇಬರು ಮುಂಬೈಯಿಂದ ಪದ್ಮಾವತಿ ಹಡಗು ಹತ್ತಿ ದಾಸಗಾಂವ್ ಬಂದರಿಗೆ ಇಳಿದು, ಅಲ್ಲಿಂದ ಜನರ ಜೊತೆ ನಡೆದು ಬಂದರು. ಮನುಸ್ಮೃತಿ ಸುಡೋಕೆ ಗುಂಡಿ ತೋಡಿ, ಗಂಧದ ಚೆಕ್ಕೆ ಜೋಡಿಸಿ, ಸುತ್ತ ಫಲಕ ಕಟ್ಟಿದ್ದರು. ಡಿಸೆಂಬರ್ 25ರ ರಾತ್ರಿ ಬೆಂಕಿ ಹಚ್ಚಿದರು. ಜಾಗ, ನೀರು, ದಿನಸಿ, ಸಾರಿಗೆ, ಕಾವಲು, ಪ್ರತಿಯೊಂದಕ್ಕೂ ಯಾರೋ ಒಬ್ಬರು ಕೂತು ಲೆಕ್ಕ ಹಾಕಿದ್ದಾರೆ. ಹಾಕದಿದ್ದರೆ ಭಾಷಣ ಕೇಳೋಕೆ ಜನ ಇರ್ತಿರಲಿಲ್ಲ.

ನನ್ನ ಅಣ್ಣನಿಗೆ ನಾನು ಅವತ್ತು ಹೇಳಬೇಕಿತ್ತು: ನಮ್ಮಪ್ಪ ಮಾಡಿದ ಕೆಲಸವೂ ಅದೇ, ಮೋರೆ ಮಾಡಿದ ಕೆಲಸವೂ ಅದೇ. ಮೋರೆಯನ್ನ ಯಾವ ಗೌಡನೂ ಕರೆಸಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ದಸಂಸ ಬಂದ ಮೇಲೆ ನಮ್ಮ ಮೆರವಣಿಗೆಯಲ್ಲಿ ಹಲಗಿ ನಮಗಾಗಿ ಬಾರಿಸಿದ್ವಿ. ಕೆಲವರು "ಇದು ಅವಮಾನದ ವಾದ್ಯ, ಸುಟ್ಟುಬಿಡಿ" ಅಂದರು, ಕೆಲವರು ಎದೆಗೆ ಕಟ್ಟಿಕೊಂಡರು. ಆ ಜಗಳ ಇನ್ನೂ ಮುಗಿದಿಲ್ಲ, ಮುಗೀಬೇಕು ಅಂತಲೂ ನನಗೆ ಅನಿಸಲ್ಲ. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಆದರೆ ಇವತ್ತಿನ ದುಡ್ಡು ಹಲಗಿಯಲ್ಲಿಲ್ಲ, ಪೆಂಡಾಲಿನ ಗುತ್ತಿಗೆಯಲ್ಲೈತಿ. ಸರ್ಕಾರಿ ಕಾಮಗಾರಿ ಗುತ್ತಿಗೆಯಲ್ಲಿ ಪರಿಶಿಷ್ಟರಿಗೆ 24.1% ಮೀಸಲಾತಿ ಬಂತು, ಮೊದಲು 50 ಲಕ್ಷದವರೆಗೆ, 2023ರಲ್ಲಿ 1 ಕೋಟಿವರೆಗೆ. ಅದು ಬಂದದ್ದು ರಸ್ತೆ, ಚರಂಡಿ, ಕಟ್ಟಡಕ್ಕೆ. ವೇದಿಕೆ, ಧ್ವನಿ, ದೀಪ ಕಾಮಗಾರಿ ಅಲ್ಲ. ಹಂಪಿ ಉತ್ಸವ, ನಮ್ಮ ಜಿಲ್ಲೆಯ ಲಕ್ಕುಂಡಿ ಉತ್ಸವದಂಥವಕ್ಕೆ ಹಲಗಿಯವರನ್ನ ಮೆರವಣಿಗೆ ಮುಂದೆ ನಿಲ್ಲಿಸ್ತಾರ, ಫೋಟೋನೂ ತೆಗೀತಾರ. ವೇದಿಕೆಯ ಬಿಲ್ಲು ಯಾವ ಕೇರಿಗೆ ಹೋಗ್ತದ ಅಂತ ಎಷ್ಟು ಜನ ಆರ್‌ಟಿಐ ಹಾಕೀವಿ?

ಖಾಸಗಿ ಮದುವೆಗಳದು ಇನ್ನೊಂದು ಕಥೆ. ನಮ್ಮ ಹುಡುಗಿ ಕಾಲೇಜಿದ್ದಾಗ ರಜೆಯಲ್ಲಿ ಡೆಕೋರೇಷನ್ ತಂಡದ ಜೊತೆ ಹೋಗ್ತಿದ್ಲು. ಒಂದು ಮನೆಯವರು ಆಕೆಯ ಕೆಲಸ ಬಾಳ ಮೆಚ್ಚಿದ್ರಂತ. ಆಮೇಲೆ ಅಡ್ಡಹೆಸರು ಕೇಳಿದ್ರು. ಹೇಳಿದ್ಲು. "ನೀ ಹೂವಿನ ಕಡೆ ಇರವಾ, ಅಡಗಿ ಕಡೆ ಬರಬ್ಯಾಡ" ಅಂದ್ರು. ಹೂವಿಗೆ ಮೈಲಿಗೆ ಇಲ್ಲ, ಹುಳಿಗೆ ಐತಿ. ನಮಗೆ ಬಾಗಿಲಿರೋದು ಡೆಕೋರೇಷನ್, ಲೈಟಿಂಗ್, ಡಿಜೆ ಕಡೆಯಿಂದ. ಅಡುಗೆ ಗುತ್ತಿಗೆ ಹಿಡಿಯೋಕೆ ಇನ್ನೂ ಎದೆ ಬೇಕು.

ಪಕ್ಕದ ಕುಷ್ಟಗಿ ತಾಲೂಕಿನ ಮಿಯಾಪುರ ನೆನಪೈತಲ್ಲ? 2021ರಲ್ಲಿ ಎರಡು ವರ್ಷದ ನಮ್ಮ ಕೂಸು ಗುಡಿಯೊಳಗೆ ಓಡಿತು ಅಂತ ಶುದ್ಧೀಕರಣ ಮಾಡಿ, ಅದರ ಖರ್ಚನ್ನ ಆ ಕೂಸಿನ ಅಪ್ಪನ ತಲೆಗೆ ಕಟ್ಟೋಕೆ ನೋಡಿದ್ರು. ಕಾರ್ಯಕ್ರಮ ಅವರದು, ಬಿಲ್ಲು ನಮಗೆ.

ಈಗ ಬರೆಯೋಕೆ ಕಷ್ಟ ಆಗೋ ಮಾತು. ಕಳೆದ ಎರಡು ವರ್ಷ ಏಪ್ರಿಲ್ 14ರ ಜಯಂತಿಗೆ ವೇದಿಕೆ, ಬ್ಯಾನರು, ಪೊಲೀಸ್ ಪರವಾನಗಿ, ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗೋ ಹಾಗೆ ಭಾಷಣಗಳ ಹೊಂದಾಣಿಕೆ, ಎಲ್ಲಾ ಮಾಡಿದ್ದು ಇದೇ ಹುಡುಗಿ. ನಮ್ಮ ಕಮಿಟಿ ಕೊಟ್ಟದ್ದು ಒಂದು ಶಾಲು. ಹಲಗಿಯವರಿಗೆ ಕೊಟ್ಟದ್ದು ಊಟ. ಶಾಮಿಯಾನದವನಿಗೆ ಮಾತ್ರ ಮುಂಗಡ, ಏಕೆಂದರೆ ಆತ ನಮ್ಮವನಲ್ಲ, ಬಿಟ್ಟಿ ಮಾಡಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ ನಿಷೇಧಿಸ್ತದ ಅಂತ ಅದೇ ವೇದಿಕೆ ಮೇಲೆ ನಾನು ಭಾಷಣ ಮಾಡಿದ್ದೆ. ಆಕಿ ಕೆಳಗೆ ನಿಂತು ವೈರ್ ಸುತ್ತುತ್ತಿದ್ಲು.

ಮೊನ್ನೆ ಭಾನುವಾರ ಕಮಿಟಿ ಸಭೆಗೆ ಆಕಿ ಒಂದು ಹಾಳಿ ತಂದಿದ್ಲು. ಬರೋ ಜಯಂತಿಗೆ ಕೊಟೇಶನ್. ಮೊದಲ ಸಾಲು: ಹಲಗಿ ಮೇಳ, 8 ಜನ, ತಲಾ 1,500, ಅರ್ಧ ಮುಂಗಡ. ಎರಡನೇದು ಪೌರಕಾರ್ಮಿಕರ ಕೂಲಿ, ಹ್ಯಾಂಡ್‌ಗ್ಲೌಸ್ ಸಹಿತ. ಕೊನೆಯ ಸಾಲು: ನಿರ್ವಹಣೆ ಶುಲ್ಕ, 6,000. ಒಬ್ಬ ಹಿರಿಯರು "ನಮ್ಮ ಬಾಬಾಸಾಹೇಬರ ಕೆಲಸಕ್ಕೂ ರೊಕ್ಕ ಏನವಾ?" ಅಂದ್ರು. "ಶಾಮಿಯಾನದವಗ ಇದ ಮಾತು ಕೇಳೀರೇನ್ರಿ ಅಜ್ಜಾರ?" ಅಂದ್ಲು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪಾಸಾಯ್ತು.

ಆ ಹಾಳಿಯನ್ನ ಅಣ್ಣನಿಗೆ ಕೊಟ್ಟೆ. ಅವನು ಬೆರಳಿಟ್ಟು ಸಾಲು ಸಾಲಾಗಿ ಓದಿದ. ಹಲಗಿ ಸಾಲಿಗೆ ಬಂದಾಗ ಅಲ್ಲೇ ನಿಂತ. "ತಲಾ?" ಅಂತ ಕೇಳಿದ. ತಲಾ ಅಂದೆ. ಹಾಳಿ ಮಡಚಿ ಅಂಗಿ ಕಿಸೆಯಲ್ಲಿಟ್ಟುಕೊಂಡು, "ಹುಬ್ಬಳ್ಳ್ಯಾಗ ಉಳಕೊಳ್ಳಾಕ ಹಾಸ್ಟೆಲ್ ಯಾವ್ದು ಚೊಲೋ ಐತಿ?" ಅಂದ.

ಗೊತ್ತಿದ್ದವರು ಕಾಮೆಂಟ್‌ನಲ್ಲಿ ತಿಳಿಸ್ರಿ. ಹುಡುಗಿಯರ ಹಾಸ್ಟೆಲ್, ಬಸ್ ನಿಲ್ದಾಣಕ್ಕೆ ಹತ್ತಿರ ಇದ್ದರೆ ಬಾಳ ಉಪಕಾರ.