ಗುಂಡ್ಲುಪೇಟೆಯ ತೇಗವೂ ಪಡುಗಡಲ ಹಡಗುಕಟ್ಟೆಗಳೂ

ಹಡಗನ್ನು ಕಟ್ಟಿದವನ ಹೆಸರು ಚರಿತ್ರೆಯಲ್ಲಿ ಉಳಿಯುವುದುಂಟು. ಅವನ ಕೈಗೆ ಮರ, ಮೊಳೆ, ಹಗ್ಗಗಳನ್ನು ವೇಳೆಗೆ ಸರಿಯಾಗಿ ಒದಗಿಸಿದ ಉಗ್ರಾಣದವನ ಹೆಸರು ಉಳಿಯುವುದು ಅಪೂರ್ವ. ಟಿಪ್ಪು ಸುಲ್ತಾನನ ನೌಕಾಬಲವನ್ನು ಕುರಿತು ಸಾಮಾನ್ಯವಾಗಿ ನಡೆಯುವ ಚರ್ಚೆಯೂ ಆತನ ಸಂಕಲ್ಪದ ಹಿರಿಮೆಯಲ್ಲಿಯೋ ಅದರ ವೈಫಲ್ಯದಲ್ಲಿಯೋ ಮುಗಿದುಹೋಗುತ್ತದೆ. ಸಾಮಗ್ರಿಯು ಎಲ್ಲಿಂದ, ಯಾವ ದಾರಿಯಲ್ಲಿ, ಎಷ್ಟು ಕಾಲಕ್ಕೆ ಬರಬೇಕಾಗಿದ್ದಿತೆಂಬುದನ್ನು ವಿಚಾರಿಸಿದರೆ ವಿಷಯವು ಬೇರೆಯಾಗಿ ಕಾಣುತ್ತದೆ. ಇದಕ್ಕೆ ಸಮುದ್ರವನ್ನೇ ಕಾಣದ ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯನ್ನು ಆರಿಸಿಕೊಂಡುದು ವಾಚಕರಿಗೆ ವಿಚಿತ್ರವೆನಿಸಬಹುದು. ತೇಗವು ತಾನಾಗಿ ಬೆಳೆಯುವ ಕಾಡು ಈ ಸೀಮೆಯಲ್ಲಿ ಉಂಟೆಂಬುದೇ ಇದಕ್ಕೆ ಕಾರಣ.

ಹೈದರನು ಕಟ್ಟಿಸಿದ ಹಡಗುಗಳಿಗೆ 1768ರಲ್ಲಿಯೂ, ಮತ್ತೆ 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನ ದಾಳಿಯಿಂದಲೂ ಮಂಗಳೂರಿನಲ್ಲಿ ಒದಗಿದ ಗತಿ ವಿದಿತವೇ ಇದೆ. ಟಿಪ್ಪುವು 1796ರಲ್ಲಿ ನೌಕಾಬಲಕ್ಕೆ ಹೊಸದಾಗಿ ಹುಕುಂನಾಮೆಯನ್ನು ಹೊರಡಿಸಿದನು. ಮೀರ್ ಯಮ್ ಎಂಬ ಬಿರುದಿನ ಹನ್ನೊಂದು ಮಂದಿ ಮುಖ್ಯಾಧಿಕಾರಿಗಳು ರಾಜಧಾನಿಯಲ್ಲಿರತಕ್ಕದ್ದು, ಅವರ ಕೈಕೆಳಗೆ ಮೀರ್ ಬಹರ್‌ಗಳು ಕೆಲಸಮಾಡತಕ್ಕದ್ದು, ಕನ್ನಡ ಕರಾವಳಿಯ ಕಟ್ಟೆಗಳಲ್ಲಿ ನಲವತ್ತು ಯುದ್ಧನೌಕೆಗಳು ಸಿದ್ಧವಾಗತಕ್ಕದ್ದು ಎಂದು ಅದರ ಸಾರ. ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಸಂಗ್ರಹದ ಅನುಬಂಧದಲ್ಲಿ ಇದರ ವಿವರವಿದೆ. ಹಡಗುಗಳು ಕರಾವಳಿಯಲ್ಲಿ, ಅವುಗಳ ಮೇಲಣ ಅಧಿಕಾರವು ಶ್ರೀರಂಗಪಟ್ಟಣದಲ್ಲಿ, ನಡುವೆ ಘಟ್ಟ. ಕಾಗದದ ಮೇಲೆ ಈ ದೂರವು ಕಾಣುವುದಿಲ್ಲ.

ಉಗ್ರಾಣಕ್ಕೆ ಬೇಕಾದ ವಸ್ತುಗಳಾದರೋ ಒಂದೆರಡಲ್ಲ. ಒಡಲಿಗೆ ತೇಗ, ಕೂವೆಮರಕ್ಕೆ ನೆಟ್ಟಗೆ ಬೆಳೆದ ಸುರಹೊನ್ನೆಯ ಜಾತಿಯ ಮರ, ಹಗ್ಗಕ್ಕೆ ತೆಂಗಿನ ನಾರು, ಸಂದುಗಳನ್ನು ಮುಚ್ಚಲು ರಾಳ ಮತ್ತು ಎಣ್ಣೆ, ಮೊಳೆಗಳಿಗೆ ಕಬ್ಬಿಣ, ಪಾಯಿಗಳಿಗೆ ಅರಿವೆ. ಇವುಗಳಲ್ಲಿ ಒಂದು ತಡವಾದರೂ ಮಿಕ್ಕುವೆಲ್ಲ ಕಟ್ಟೆಯಲ್ಲಿ ಸುಮ್ಮನೆ ಬಿದ್ದಿರುವುವು. ಎಲ್ಲಕ್ಕಿಂತ ತಡವಾಗಿ ಸಿದ್ಧವಾಗುವುದು ತೇಗ. ಹಸಿಯ ತೇಗವು ನೀರಿನಲ್ಲಿ ತೇಲುವುದಿಲ್ಲ. ಆದುದರಿಂದ ಮರದ ಬುಡದ ಸುತ್ತಲೂ ತೊಗಟೆಯನ್ನೂ ಹೊರಮರವನ್ನೂ ಬಳೆಯಾಕಾರವಾಗಿ ಕಡಿದು, ಒಂದೆರಡು ವರ್ಷ ನಿಂತಲ್ಲಿಯೇ ಒಣಗಲು ಬಿಟ್ಟು, ಆಮೇಲೆ ಉರುಳಿಸುವ ಪದ್ಧತಿಯಿದ್ದಿತು. ಅಲ್ಲಿಂದ ಆನೆಗಳು ಹೊಳೆಯವರೆಗೆ ಎಳೆದು, ಮಳೆಗಾಲದ ಪ್ರವಾಹದಲ್ಲಿ ತೇಲಿಸಿ ಕಡಲಿಗೆ ಮುಟ್ಟಿಸಬೇಕು. 1796ರಲ್ಲಿ ಬಳೆಗಡಿದ ಮರವು 1798ರ ಮಳೆಗಾಲದಲ್ಲಿ ಕಟ್ಟೆಯನ್ನು ಸೇರಿದರೆ ಅದು ಶೀಘ್ರವೆಂದೇ ಎಣಿಸಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಮೊದಲೇ ಒಣಗಿದ ಮರವು ಕರಾವಳಿಯಲ್ಲಿ ಸ್ವಲ್ಪ ಇದ್ದಿತೆಂದು ಒಪ್ಪಿದರೂ ನಲವತ್ತು ಹಡಗುಗಳಿಗೆ ಅದು ಸಾಲದು. ಸುಲ್ತಾನನಿಗೆ ನೌಕಾವಿದ್ಯೆಯಲ್ಲಿ ಶ್ರದ್ಧೆ ಸಾಲದೆಂಬ ಆಕ್ಷೇಪಣೆ ನಮಗೆ ಸರಿಯೆಂದು ತೋರುವುದಿಲ್ಲ. ಅವನಿಗೆ ಸಾಲದೆ ಹೋದುದು ಕಾಲ.

ಈಗ ನಮ್ಮ ಸೀಮೆಗೆ ಬರೋಣ. ಆ ಕಾಲಕ್ಕೆ ಚಾಮರಾಜನಗರವು ಅರಿಕುಠಾರವೆಂಬ ಊರಾಗಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಈಗಿನ ಹೆಸರನ್ನಿಟ್ಟರು. ಗುಂಡ್ಲುಪೇಟೆಯ ತೆಂಕಣ ಕಾಡಿನ ತೇಗವು ಮಂಗಳೂರಿನ ಕಟ್ಟೆಗೆ ಏಕೆ ಒದಗಲಾರದೆಂಬುದನ್ನು ಇಲ್ಲಿನ ಹೊಳೆಗಳೇ ಹೇಳುತ್ತವೆ. ಗುಂಡ್ಲುಹೊಳೆಯು ಬಡಗಲಾಗಿ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ನುಗುವೂ ಕಪಿಲೆಗೇ ಸೇರುತ್ತದೆ. ಸುವರ್ಣಾವತಿಯು ಕಾವೇರಿಗೆ, ಮೋಯಾರು ಭವಾನಿಯ ಮೂಲಕ ಮತ್ತೆ ಕಾವೇರಿಗೆ. ಎಲ್ಲವೂ ಮೂಡಣ ಕಡಲಿನ ಕಡೆಗೆ! ಕಟ್ಟೆಗಳಿದ್ದುದು ಪಡುವಣ ಕಡಲಿನಲ್ಲಿ. ಉಳಿದುದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ವಯನಾಡನ್ನು ದಾಟಿ ಕೋಳಿಕೋಡಿಗೆ ಇಳಿಯುವ ದಾರಿಯೊಂದೇ. ಸೈನ್ಯಕ್ಕೂ ಮೂಟೆ ಹೊತ್ತ ಎತ್ತುಗಳಿಗೂ ಅದು ದಾರಿಯೇ ಸರಿ. ಹಡಗಿನ ಅಡಿಮರವನ್ನು ಅದರಲ್ಲಿ ಸಾಗಿಸಿದರೆ ಮರದ ಬೆಲೆಗಿಂತ ಸಾಗಿಸಿದ ಕೂಲಿಯೇ ಹೆಚ್ಚಾದೀತು. ಅದೇ ತೇಗವು ಘಟ್ಟದ ಆಚೆಯ ಮಗ್ಗುಲಲ್ಲಿ ಬೆಳೆದಿದ್ದರೆ ಚಾಲಿಯಾರಿನಲ್ಲಿ ತೇಲಿ ಬೇಪೂರಿನ ಕಡಲನ್ನು ಸುಲಭವಾಗಿ ಮುಟ್ಟುತ್ತಿದ್ದಿತು.

ಆಚೆಯ ಮಗ್ಗುಲಿನ ಜನಕ್ಕೆ ಈ ಸೌಲಭ್ಯವೇ ಕಂಟಕವಾಯಿತು. ಇಂಗ್ಲೆಂಡಿನಲ್ಲಿ ಓಕ್ ಮರವು ಸಾಲದೆ ಹೋದಾಗ ಕಂಪೆನಿಯವರ ದೃಷ್ಟಿಯು ಮಲೆಯಾಳದ ತೇಗದ ಮೇಲೆ ಬಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಕಾಡುಗಳ ಸಂರಕ್ಷಕನನ್ನಾಗಿ ನಿಯಮಿಸಿದರು. ಹೆಸರು ಸಂರಕ್ಷಕನೆಂದು, ಕೆಲಸವು ಹಡಗುಕಟ್ಟೆಗೆ ಮರವನ್ನು ಒದಗಿಸುವುದು. ಮಲೆಯಾಳದಲ್ಲಿಯೂ ಕನ್ನಡ ಜಿಲ್ಲೆಯಲ್ಲಿಯೂ ತೇಗವೆಲ್ಲ ಸರ್ಕಾರದ್ದೆಂದಾಯಿತು. ತಮ್ಮ ನೆಲದ ಮರವನ್ನು ಕಡಿಯುವುದಕ್ಕೂ ಒಡೆಯರಿಗೆ ಹಕ್ಕಿಲ್ಲವಾಯಿತು. ಒಡೆಯರೂ ಮರದ ವ್ಯಾಪಾರಿಗಳೂ ಬಹುಕಾಲ ದೂರಿಕೊಂಡ ಮೇಲೆ, ಮನ್ರೋ ಗವರ್ನರನಾಗಿದ್ದಾಗ, 1823ರಲ್ಲಿ ಆ ಹುದ್ದೆಯನ್ನು ತೆಗೆದುಹಾಕಿದರು.

ಆ ವರ್ಷಗಳಲ್ಲಿ ಮುಂಬಯಿಯ ಕಟ್ಟೆಯಿಂದ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ಕಟ್ಟಿದ ಹಡಗುಗಳು ಒಂದಾದ ಮೇಲೊಂದು ಇಳಿದುವು: 1810ರಲ್ಲಿ 74 ಫಿರಂಗಿಗಳ ಮಿಂಡನ್, 1813ರಲ್ಲಿ ಕಾರ್ನ್‌ವಾಲಿಸ್, 1817ರ ಅಕ್ಟೋಬರ್ 12ರಂದು ಟ್ರಿಂಕೋಮಲಿ. ಕೊನೆಯದರ ಕಥೆಯಲ್ಲಿ ಉಗ್ರಾಣದವರು ಮೆಚ್ಚತಕ್ಕ ಒಂದು ಸಂಗತಿಯಿದೆ. ಅದರ ನಕ್ಷೆಯನ್ನು ತರುತ್ತಿದ್ದ ಜಾವಾ ಎಂಬ ಹಡಗು 1812ರಲ್ಲಿ ಅಮೆರಿಕದವರ ಕೈಯಲ್ಲಿ ನಾಶವಾಯಿತು. ಇನ್ನೊಂದು ಪ್ರತಿಯು ಬರುವವರೆಗೂ ಕೆಲಸವು ನಿಂತು, 1816ರಲ್ಲಿ ಮೊದಲಾಯಿತು. ಮುಂಬಯಿಯಲ್ಲಿ ಅಷ್ಟು ಕಾಯುವುದಕ್ಕೆ ಅವಕಾಶವಿದ್ದಿತು. ಆ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲಿದೆ. ಗುಂಡ್ಲುಪೇಟೆಯ ತೆಂಕಣ ಕಾಡಾದರೋ 1973ರಲ್ಲಿ ಬಂಡೀಪುರದ ಹುಲಿಧಾಮಕ್ಕೆ ಸೇರಿತು. ಕೋಳಿಕೋಡಿಗೆ ಹೋಗುವ ಹೆದ್ದಾರಿಯು ಈಗಲೂ ಅದರ ನಡುವೆಯೇ ಹಾಯುತ್ತದೆ.