ನೆಲದ ಮಟ್ಟ ಹಿಡಿಯುವ ಬೆಳಕು

ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ, ತುಂಗಭದ್ರೆಯನ್ನು ದಾಟುವುದಕ್ಕೆ ಮೊದಲು, ದಢೇಸುಗೂರು ಸಿಗುತ್ತದೆ. ಕೃಷಿ ಸಂಶೋಧನಾ ಕೇಂದ್ರವಿರುವ ಊರಾದುದರಿಂದ ಆ ಸೀಮೆಯ ಭತ್ತದ ಬೆಳೆಗಾರರಿಗೆಲ್ಲ ಅದರ ಹೆಸರು ಪರಿಚಿತ. ಬೇಸಗೆಯ ಒಂದು ದಿನ ಗೆಳೆಯರೊಬ್ಬರ ಸಂಗಡ ನಾನು ಆ ಕಡೆಗೆ ಹೋದುದು, ಲೇಸರ್ ಬೆಳಕಿನಿಂದ ಹೊಲವನ್ನು ಮಟ್ಟ ಮಾಡುವ ಯಂತ್ರವನ್ನು ನೋಡುವುದಕ್ಕಾಗಿ. ಲೇಸರ್ ಎಂದೊಡನೆ ಪಟ್ಟಣದಲ್ಲಿ ಬೆಳೆದ ನನ್ನಂಥವನಿಗೆ ನೆನಪಾಗುವುದು ಕಣ್ಣಿನ ಆಸ್ಪತ್ರೆ, ಇಲ್ಲವೆ ಉಕ್ಕನ್ನು ಕೊಯ್ಯುವ ಕಾರ್ಖಾನೆ. ಎರೆ ಹೊಲದ ನಡುವೆ ಅದಕ್ಕೇನು ಕೆಲಸವೆಂಬ ಕುತೂಹಲ ನನ್ನನ್ನು ಅಷ್ಟು ದೂರ ಎಳೆದೊಯ್ದಿತು. ಆದರೆ ಬೆಳಕನ್ನು ನೋಡಲು ಹೋದ ನಾನು ಬೆಳಕನ್ನು ಕಾಣಲೇ ಇಲ್ಲ.

ಕಂಡದ್ದಿಷ್ಟು: ಹೊಲದ ಬದುವಿನ ಬಳಿ ಮೂರು ಕಾಲಿನ ಒಂದು ನಿಲುವು, ಅದರ ತಲೆಯ ಮೇಲೆ ತಿರುಗುತ್ತಿರುವ ಪುಟ್ಟ ಪೆಟ್ಟಿಗೆ. ಒಣಗಿದ ಉಳುಮೆಯ ಮೇಲೆ ಒಂದು ಟ್ರ್ಯಾಕ್ಟರು. ಅದರ ಹಿಂದೆ ಮಣ್ಣು ಕೆರೆಯುವ ಅಗಲವಾದ ಕಬ್ಬಿಣದ ಬಕೆಟ್ಟು. ಬಕೆಟ್ಟಿನ ಮೇಲೆ ನೆಟ್ಟ ಕಂಬದ ತುದಿಯಲ್ಲಿ ಮತ್ತೊಂದು ಪೆಟ್ಟಿಗೆ. ಮೊದಲನೆಯ ಪೆಟ್ಟಿಗೆಯಿಂದ ಹೊರಟ ಕಿರಣ ಸುತ್ತಲೂ ತಿರುಗಿ, ಹೊಲದ ಮೇಲೆ ಕಣ್ಣಿಗೆ ಕಾಣದ ಒಂದು ಸಮತಟ್ಟಾದ ಚಪ್ಪರವನ್ನು ಹಾಸುತ್ತದೆ. ಕಂಬದ ತುದಿಯ ಪೆಟ್ಟಿಗೆ ಆ ಚಪ್ಪರವನ್ನು ಹುಡುಕುತ್ತಿರುತ್ತದೆ. ಟ್ರ್ಯಾಕ್ಟರು ದಿಬ್ಬವೇರಿದರೆ ಬಕೆಟ್ಟು ತಾನಾಗಿ ಕೆಳಗಿಳಿದು ಮಣ್ಣನ್ನು ಕೆರೆದು ತುಂಬಿಕೊಳ್ಳುತ್ತದೆ. ತಗ್ಗಿಗೆ ಬಂದರೆ ಮೇಲೆದ್ದು ತುಂಬಿದ್ದ ಮಣ್ಣನ್ನು ಸುರಿಯುತ್ತದೆ. ಚಾಲಕ ಚಕ್ರ ತಿರುಗಿಸುತ್ತಾನೆ, ಅಷ್ಟೆ; ಎತ್ತರ ತಗ್ಗುಗಳ ನಿರ್ಣಯ ಬೆಳಕಿನದು. ಕೆಲಸ ಮುಗಿದಾಗ ಹೊಲದ ಏರುಪೇರು ಎರಡು ಸೆಂಟಿಮೀಟರಿನೊಳಗೆ ಉಳಿಯುತ್ತದೆ.

"ಇಷ್ಟು ದಿವಸ ಕಣ್ಣಳತೆಯಲ್ಲೇ ಮಾಡುತ್ತಿರಲಿಲ್ಲವೆ, ಯಜಮಾನರೆ?" ಎಂದು ಹೊಲದ ಒಡೆಯರನ್ನು ಕೇಳಿದೆ. ಅರವತ್ತು ದಾಟಿದ ಆ ಹಿರಿಯರು ನಕ್ಕರು. "ಮಾಡ್ತಿದ್ವಿರಿ. ಕಣ್ಣಿಗೆ ಮಟ್ಟಾನ ಕಾಣತಿತ್ತು. ನೀರು ಬಿಟ್ಟ ಮ್ಯಾಲೆ ಗೊತ್ತಾಗತಿತ್ತು. ನೀರು ಸುಳ್ಳು ಹೇಳಂಗಿಲ್ರಿ ಸರ."

ಅವರ ಮಾತಿನ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಅದರ ಮೇಲೆ ಒಂದೇ ಒಂದು ಸೆಂಟಿಮೀಟರು ನೀರು ನಿಲ್ಲಿಸಿದರೆ ಸುಮಾರು 40 ಸಾವಿರ ಲೀಟರಾಯಿತು. ಹೊಲದ ಒಂದು ಅಂಚು ಇನ್ನೊಂದಕ್ಕಿಂತ ಹತ್ತು ಸೆಂಟಿಮೀಟರು, ಎಂದರೆ ಒಂದು ಗೇಣಿನ ಅರ್ಧ, ಮೇಲಿದೆಯೆಂದು ಇಟ್ಟುಕೊಳ್ಳೋಣ. ಮೇಲಿನ ಅಂಚಿನಲ್ಲಿ ಐದು ಸೆಂಟಿಮೀಟರು ನೀರು ನಿಲ್ಲಬೇಕಾದರೆ ಕೆಳಗಿನ ಅಂಚಿನಲ್ಲಿ ಹದಿನೈದು ನಿಲ್ಲಲೇಬೇಕು. ಹೀಗೆ ಎಕರೆಗೆ ಎರಡು ಲಕ್ಷ ಲೀಟರು ಹೆಚ್ಚಿನ ನೀರು, ಯಾವ ಪೈರೂ ಬೇಡದಿದ್ದುದು, ತಗ್ಗನ್ನು ತುಂಬುವುದಕ್ಕೆ ಹೋಗುತ್ತದೆ. ಅಷ್ಟಾದರೂ ಮೇಲಿನ ಪೈರು ಬಾಡುವುದು, ಕೆಳಗಿನದು ಕೊಳೆಯುವುದು ತಪ್ಪುವುದಿಲ್ಲ.

ಮಟ್ಟ ನೋಡುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಇದೇ ಹೊಳೆಯ ಮೇಲ್ಭಾಗದಲ್ಲಿ, ಹಂಪೆಯ ಸುತ್ತ, ವಿಜಯನಗರದ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಬಂಡೆಗಳ ನಡುವೆ ಆ ಕಾಲುವೆಗಳನ್ನು ತೋಡಿಸಿದವರ ಬಳಿ ದೂರದರ್ಶಕವಿರಲಿಲ್ಲ. ಎಲ್ಲಕ್ಕಿಂತ ಹಳೆಯ ಮಟ್ಟಗೋಲು ನೀರೇ. ಬಹು ಕಾಲದ ಅನಂತರ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಣಿ ಹಿಡಿದು ನೆಲದ ಮೇಲೆ ತಳರೇಖೆಯನ್ನು ಅಳೆದ. ಎರಡು ವರ್ಷಗಳ ಮೇಲೆ ಮದರಾಸಿನಿಂದ ಅವನು ಪ್ರಾರಂಭಿಸಿದ ಭೂಮಾಪನ ಭಾರತದುದ್ದಕ್ಕೂ ಬೆಳೆಯಿತು. ಗಾಜಿನ ಕೊಳವೆಯೊಳಗಿನ ಗಾಳಿಗುಳ್ಳೆ ನಡುವೆ ನಿಂತರೆ ಮಟ್ಟ ಸರಿಯಾಯಿತು ಎಂಬ ಉಪಾಯ ಎಂಜಿನಿಯರರ ಸೊತ್ತಾಯಿತು. ಅಂಥ ಉಪಕರಣಗಳ ಬಲದಿಂದಲೇ ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ಬಂದುದು. ಅಣೆಕಟ್ಟಿನ ಕೆಲಸ 1945ರಲ್ಲಿ ಪ್ರಾರಂಭವಾಗಿ, 1953ರಲ್ಲಿ ನೀರು ನಿಂತಿತು. ಆಗ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ ನಾಡಿಗೆ ಕೂಡಿದುದು 1956ರ ನವೆಂಬರ್ 1ರಂದು.

ಕಾಲುವೆಯ ಮಟ್ಟವನ್ನು ಸರಕಾರ ನೋಡಿಕೊಂಡಿತು. ಹೊಲದ ಮಟ್ಟ ರೈತನ ಪಾಲಿಗೆ ಬಿತ್ತು. ಎಡದಂಡೆಯ ಯೋಜನೆಯನ್ನು ಹಾಕಿದವರು ಹೆಚ್ಚಿನ ನೆಲದಲ್ಲಿ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನು ಎಣಿಸಿದ್ದರು. ಭತ್ತಕ್ಕೆ ಗುರುತು ಮಾಡಿದ್ದು ಸ್ವಲ್ಪವೇ ನೆಲ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರು ಒಣ ಭೂಮಿಯನ್ನು ಕೊಂಡು, ಬೆವರು ಸುರಿಸಿ ಮಡಿ ಮಾಡಿ, ಭತ್ತ ಹಾಕಿದರು. ಅದನ್ನು ನೋಡಿ ಊರಿನವರೂ ಹಾಕಿದರು. ಸಿಂಧನೂರು ಭತ್ತದ ಕಣಜವಾಯಿತು. ಆದರೆ ಕಾಲುವೆಯ ಮೊದಲಲ್ಲಿದ್ದವರ ಗದ್ದೆ ತುಂಬಿದಷ್ಟೂ ಮಾನ್ವಿ, ರಾಯಚೂರಿನ ಕಡೆಯ ಕೊನೆ ಭಾಗದವರ ಹೊಲಕ್ಕೆ ನೀರು ಕಡಮೆಯಾಯಿತು. ಮೇಲೆ ನಿಂತ ನೀರು ಸವಳು ಜವಳಾಗಿ ನೆಲವನ್ನೂ ಕೆಡಿಸಿತು. ಈ ನಡುವೆ 133 ಟಿ.ಎಂ.ಸಿ. ಅಡಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿಯಿತು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ನೀರೆಷ್ಟು ನಂಬಿಕೆಯಿಲ್ಲದ ವಸ್ತುವೆಂಬುದು ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಹೀಗಿರುವಾಗ ಎಕರೆಗೆ ಎರಡು ಲಕ್ಷ ಲೀಟರು ಎಂಬುದು ಸಣ್ಣ ಮಾತಲ್ಲ.

ಈ ಜಗಳದ ನಡುವೆ ಬಂದ ಬೆಳಕಿನ ಚರಿತ್ರೆಯೂ ಸ್ವಾರಸ್ಯವಾಗಿದೆ. 1917ರಲ್ಲಿ ಐನ್‌ಸ್ಟೈನ್ ಒಂದು ವಿಚಾರವನ್ನು ಬರೆದಿಟ್ಟ: ಚೈತನ್ಯ ತುಂಬಿಕೊಂಡಿರುವ ಪರಮಾಣುವಿನ ಬಳಿ ತಕ್ಕ ಬೆಳಕು ಹಾದುಹೋದರೆ, ಆ ಪರಮಾಣು ತಾನೂ ಅಂಥದೇ ಬೆಳಕನ್ನು, ಅದೇ ದಿಕ್ಕಿಗೆ, ಅದೇ ಹೆಜ್ಜೆಯಲ್ಲಿ ಹೊರಡಿಸುತ್ತದೆ. ದೀಪದ ಬೆಳಕು ಜಾತ್ರೆಯ ಜನಜಂಗುಳಿಯಂತೆ; ಈ ಬೆಳಕು ಕೋಲಾಟದ ತಂಡದಂತೆ. 1960ರ ಮೇ 16ರಂದು ಕ್ಯಾಲಿಫೋರ್ನಿಯದಲ್ಲಿ ಥಿಯೊಡರ್ ಮೈಮನ್ ಕೃತಕ ಮಾಣಿಕ್ಯದ ಕಡ್ಡಿಯೊಂದರಿಂದ ಇಂಥ ಬೆಳಕನ್ನು ಮೊದಲು ಹೊಮ್ಮಿಸಿದ. ಇದರಿಂದ ಏನುಪಯೋಗವೆಂದು ಆಗ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಆದರೆ 1969ರಲ್ಲಿ ಚಂದ್ರನ ಮೇಲಿಳಿದವರು ಅಲ್ಲಿ ಒಂದು ಪ್ರತಿಫಲಕವನ್ನಿಟ್ಟು ಬಂದರು. ಭೂಮಿಯಿಂದ ಬಿಟ್ಟ ಕಿರಣ ಅದಕ್ಕೆ ತಾಗಿ ಎರಡೂವರೆ ಸೆಕೆಂಡಿನಲ್ಲಿ ಹಿಂದಿರುಗಿ, ಚಂದ್ರನ ದೂರವನ್ನು ಹೇಳತೊಡಗಿತು. 1974ರಲ್ಲಿ ಅಮೆರಿಕದ ಒಂದು ಅಂಗಡಿಯಲ್ಲಿ ಅದೇ ಜಾತಿಯ ಬೆಳಕು ಚೂಯಿಂಗ್ ಗಮ್ ಪೊಟ್ಟಣದ ಗೆರೆಗಳನ್ನೋದಿ ಅದರ ಬೆಲೆ ಹೇಳಿತು. ಹರಡದೆ ನೇರವಾಗಿ ಹೋಗುವುದೊಂದೇ ಅದರ ಗುಣ. ಆ ಒಂದು ಗುಣಕ್ಕೆ ಇಷ್ಟೊಂದು ಕೆಲಸ!

ಹೊರದೇಶಗಳ ಹೊಲಗಳಲ್ಲಿ ಪಳಗಿದ ಲೇಸರ್ ಮಟ್ಟಯಂತ್ರ ಭಾರತಕ್ಕೆ ಬಂದುದು 2001ರ ಸುಮಾರಿಗೆ, ಪಶ್ಚಿಮ ಉತ್ತರ ಪ್ರದೇಶದ ಗೋಧಿ, ಭತ್ತದ ಸೀಮೆಗೆ. ಅಲ್ಲಿಂದ ಪಂಜಾಬು, ಹರಿಯಾಣಗಳಲ್ಲಿ ಹಬ್ಬಿ, ಕ್ರಮೇಣ ತುಂಗಭದ್ರೆಯ ದಂಡೆಗೂ ಇಳಿಯಿತು. ಭತ್ತಕ್ಕೆ ಹಾಕುವ ನೀರಿನಲ್ಲಿ ಸುಮಾರು ಐದನೆಯ ಒಂದು ಪಾಲು ಉಳಿಯುವುದೆಂದು ಉತ್ತರದ ಅನುಭವ. ನಾಟಿ ಬಿಟ್ಟು ಕೂರಿಗೆಯಿಂದ ಒಣ ನೆಲದಲ್ಲೇ ಭತ್ತ ಬಿತ್ತುವವರಿಗಂತೂ ಮಟ್ಟವಾದ ನೆಲ ಬೇಕೇಬೇಕು; ಇಲ್ಲದಿದ್ದರೆ ತಗ್ಗಿನ ಬೀಜ ಕೊಳೆತು, ದಿಬ್ಬದಲ್ಲಿ ಕಳೆ ಏಳುತ್ತದೆ.

ಯಂತ್ರದ ಗುಣವನ್ನು ಹೇಳಿದವನು ಅದರ ಮಿತಿಯನ್ನೂ ಹೇಳಬೇಕು. ದಿಬ್ಬ ಹೆಚ್ಚಾಗಿದ್ದಲ್ಲಿ ಆಳವಾಗಿ ಕೆರೆದರೆ ಮೇಲಿನ ಫಲವತ್ತಾದ ಮಣ್ಣು ಹೋಗಿ, ಕೆಳಗಿನ ಬಡ ಮಣ್ಣು ಮೇಲೆ ಬರುತ್ತದೆ. ಎರೆ ಭೂಮಿಯೋ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ; ಇಂದು ಮಾಡಿದ ಮಟ್ಟ ಶಾಶ್ವತವಲ್ಲ, ಕೆಲವು ವರ್ಷಗಳಿಗೊಮ್ಮೆ ಸರಿಪಡಿಸಬೇಕು. ಇಂಥ ಯಂತ್ರವನ್ನು ಕೊಳ್ಳುವ ಶಕ್ತಿ ಸಣ್ಣ ಹಿಡುವಳಿಯವನಿಗಿಲ್ಲ; ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಿಸಬೇಕು. ಚಿಕ್ಕ ಚಿಕ್ಕ ಮಡಿಗಳಲ್ಲಿ ಟ್ರ್ಯಾಕ್ಟರು ತಿರುಗುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯೊಂದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಈ ಹೊಲದಲ್ಲಿ ಉಳಿದ ನೀರು ಯಾರಿಗೆ ಹೋಗುತ್ತದೆ? ಉಳಿತಾಯವೆಂಬುದು ಮೇಲಿನವರು ಇನ್ನೆರಡು ಎಕರೆ ಹೆಚ್ಚಾಗಿ ಭತ್ತ ಹಾಕುವುದಕ್ಕೆ ನೆಪವಾದರೆ, ಕೊನೆ ಭಾಗದ ರೈತನಿಗೆ ಬೆಳಕು ಬಂದರೂ ಒಂದೇ, ಬಾರದಿದ್ದರೂ ಒಂದೇ. ಹೊಲದ ಏರುಪೇರನ್ನು ಎರಡು ಸೆಂಟಿಮೀಟರಿಗೆ ಇಳಿಸುವ ಯಂತ್ರ ನಮಗೆ ದೊರೆತಿದೆ. ಕಾಲುವೆಯ ಮೊದಲಿಗೂ ಕೊನೆಗೂ ನಡುವಿನ ಏರುಪೇರನ್ನು ಇಳಿಸುವುದು ಯಂತ್ರದ ಕೆಲಸವಲ್ಲ. ಅದು ಮನುಷ್ಯರು ಒಟ್ಟಿಗೆ ಕುಳಿತು, ಸರದಿಯಂತೆ ನೀರು ಬಿಡುವ ಮಾತನ್ನು ಉಳಿಸಿಕೊಂಡು, ಮಾಡಬೇಕಾದ ಕೆಲಸ.

ಹೊರಡುವಾಗ ಹಿರಿಯರನ್ನು ಆ ಪ್ರಶ್ನೆ ಕೇಳಿಯೇಬಿಟ್ಟೆ. ಅವರು ತುಸು ಹೊತ್ತು ಟ್ರ್ಯಾಕ್ಟರನ್ನೇ ನೋಡುತ್ತಿದ್ದು, ಹೆಗಲ ಮೇಲಿನ ಟವೆಲಿನಿಂದ ಮುಖ ಒರಸಿಕೊಂಡರು. "ಉಳಿದ ನೀರು ನನ್ನ ಹೊಲದಾಗ ನಿಲ್ಲಂಗಿಲ್ರಿ, ಕೆಳಗ ಹೋಗತೈತಿ. ಕೆಳಗಿನವರಿಗೆ ಮುಟ್ಟತೈತೋ ಇಲ್ಲೋ, ಅದನ್ನ ಅವರನ್ನ ಕೇಳ್ರಿ ಸರ."